ಗೋವಾದಿಂದ ಬಂದವಳ ದೂರು ಯಾರು ಬರೆದುಕೊಳ್ಳಬೇಕು?

ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿ ಜಾತ್ರೆ. ಗೋವಾ, ಮಂಗಳೂರಿಗೆ ದುಡಿಯಲು ಹೋದವರು ಆಗ ಊರಿಗೆ ಬರುತ್ತಾರೆ. ನಮ್ಮ ಓಣಿಯ ಒಬ್ಬಾಕೆ ಮಾತ್ರ ಜಾತ್ರೆಗೆ ಮೊದಲೇ ಬಂದಳು. ಕಂಕುಳಲ್ಲಿ ಕೂಸು, ಎಡಗಣ್ಣು ಬಾತಿತ್ತು. ರವಿಕೆ ಹೊಲಿಸುವ ನೆಪದಲ್ಲಿ ನನ್ನ ಮಷಿನ್ ಪಕ್ಕ ಕೂತು, "ಯಕ್ಕಾ, ಅಲ್ಲಿ ಯಾರಿಗೆ ಹೇಳ್ಲಿ? ಅವರ ಮಾತು ನನಗ ಬರಂಗಿಲ್ಲ" ಎಂದಳು. ಇದ್ದದ್ದು ಕಟ್ಟಡ ಕೆಲಸದ ಶೆಡ್ಡಿನಲ್ಲಿ. ಮೇಸ್ತ್ರಿಯೂ ಗಂಡನ ಕಡೆಯವ. ಇಲ್ಲಿ ದೂರು ಕೊಡಲು ಹೋದರೆ, "ನಡದದ್ದು ಗೋವಾದಾಗ, ಅಲ್ಲೇ ಕೊಡ್ರಿ" ಎಂಬ ಉತ್ತರ.

ಅದು ತಪ್ಪು ಉತ್ತರ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 27ನೇ ಕಲಂ ಪ್ರಕಾರ, ನೊಂದವಳು ತಾತ್ಕಾಲಿಕವಾಗಿ ನೆಲೆಸಿದ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ತವರಿಗೆ ಬಂದವಳು ಅಲ್ಲಿಂದಲೇ ಗಂಡನ ಕ್ರೌರ್ಯದ ವಿರುದ್ಧ ಮೊಕದ್ದಮೆ ಹೂಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅತ್ಯಾಚಾರದ ದೂರನ್ನಂತೂ, ಅದು ಎಲ್ಲೇ ನಡೆದಿರಲಿ, ಹೋದ ಠಾಣೆಯಲ್ಲೇ ದಾಖಲಿಸಬೇಕು.

ಗೋವಾದ ಸಹಾಯ ಕೇಂದ್ರಗಳಲ್ಲಿ ಕನ್ನಡ ಬಲ್ಲವರು ಇರಲೇಬೇಕು. ಇಲ್ಲಿ, ಜಾತ್ರೆಯ ನಾಟಕ ಕಂಪನಿಗಳ ಪಕ್ಕ ಒಂದು ಮಳಿಗೆ ಹಾಕಲಿ: ಮಹಿಳಾ ಪೊಲೀಸ್, ಒಬ್ಬ ವಕೀಲೆ, 181 ಸಹಾಯವಾಣಿಯ ಫಲಕ. ಬಳೆ ಇಟ್ಟುಕೊಳ್ಳಲು ಬಂದವಳು ಯಾರ ಕಣ್ಣಿಗೂ ಬೀಳದಂತೆ ಒಳಗೆ ಹೋಗಿ ಮಾತಾಡಲಿ.