ಎಡಗಾಲಿಗೂ ನಿವೃತ್ತಿ

ಮಕ್ಕಳೇ, ಬ್ಯಾಂಕಿನಿಂದ ನಾನು ನಿವೃತ್ತನಾಗಿ 15 ವರ್ಷವಾಯಿತು. ಈಗ ನನ್ನ ಎಡಗಾಲಿನ ಸರದಿ. ಮಂಡಿನೋವೆಂದು ಮಗ ಆಟೊಮ್ಯಾಟಿಕ್ ಕಾರು ಕೊಡಿಸಿದ. ಇದಕ್ಕೆ ಕ್ಲಚ್ಚೇ ಇಲ್ಲ. ಹಳೆಯ ಅಭ್ಯಾಸ ಬಿಟ್ಟೀತೆ? ಮೊದಲ ದಿನವೇ ಎಡಗಾಲು ಕ್ಲಚ್ಚೆಂದು ಬ್ರೇಕನ್ನು ಒತ್ತಿಬಿಟ್ಟಿತು. ಕಾರು ಗಕ್ಕನೆ ನಿಂತಿತು. ಬೆಲ್ಟ್ ಹಾಕಿದ್ದರಿಂದ ಮೊಮ್ಮಗಳ ಹಣೆ ಉಳಿಯಿತು.

“ತಾತ, ಆ ಕಾಲನ್ನು ಹಿಂದಕ್ಕೆ ಮಡಚಿಟ್ಟುಕೊಳ್ಳಿ” ಎಂದಳು. ಖಾಲಿ ಮೈದಾನದಲ್ಲಿ ಹಾಗೇ ಕಲಿತೆ. ‘ಡಿ’ಗೆ ಹಾಕಿ ಬ್ರೇಕ್ ಬಿಟ್ಟರೆ, ಆಕ್ಸಿಲರೇಟರ್ ಒತ್ತದಿದ್ದರೂ ಕಾರು ತೆವಳುತ್ತದೆ!

ಮೊದಲ 1,000 ಕಿ.ಮೀ. ಜೋರು ಬೇಡ, ಒಂದೇ ವೇಗವೂ ಬೇಡ ಎನ್ನುತ್ತದೆ ಕಾರಿನ ಕೈಪಿಡಿ. ಎಂಜಿನ್ನಿನ ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕಲ್ಲ?

ದಿನವೂ ಲೆಕ್ಕ ಬರೆಯುತ್ತೇನೆ: ಓಡಿಸಿದ್ದು 412 ಕಿ.ಮೀ., ಎಡಗಾಲಿನ ತಪ್ಪು 3. ನಾಲ್ಕನೆಯದಾದರೆ ಬೀಗದಕೈ ಮಗನಿಗೆ. ಮೊಮ್ಮಗಳಿಗೆ ಮಾತು ಕೊಟ್ಟಿದ್ದೇನೆ.