ತಂತ್ರಾಂಶಕ್ಕೂ ಪ್ಯಾಕಿಂಗ್ ಪಟ್ಟಿ ಬೇಕು

ಹೊಸ ಗಣಕ ತಂದ ದಿನವೇ ನಮ್ಮ ಗೋದಾಮಿನ ದಾಸ್ತಾನು ಲೆಕ್ಕ ನಿಂತಿತು. ಪೈಥಾನ್ ಭಾಷೆಯಲ್ಲಿ ಬರೆಸಿದ್ದ ಸ್ಕ್ರಿಪ್ಟ್ ನಮ್ಮಲ್ಲಿತ್ತು. ಅದು ಅವಲಂಬಿಸಿದ್ದ ಲೈಬ್ರರಿಗಳು ಹೊಸ ಗಣಕದಲ್ಲಿರಲಿಲ್ಲ. ಬರೆದುಕೊಟ್ಟಾತ ಊರಿನಲ್ಲಿಯೇ ಇರಲಿಲ್ಲ. ಸರಕಿನೊಡನೆ ಪ್ಯಾಕಿಂಗ್ ಪಟ್ಟಿ ಕೇಳುವ ನಾವು ತಂತ್ರಾಂಶಕ್ಕೇಕೆ ಕೇಳುವುದಿಲ್ಲ?

ಪೈಇನ್‌ಸ್ಟಾಲರ್ ಎಂಬ ಉಚಿತ ಸಾಧನವು ಸ್ಕ್ರಿಪ್ಟನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಪೈಥಾನನ್ನೂ ಒಂದೇ ಕಡತವಾಗಿ ಕಟ್ಟಿಕೊಡಬಲ್ಲದು. ಕಡತ ದೊಡ್ಡದಾಗುವುದು ನಿಜ. ಇಂದಿನ ಡಿಸ್ಕುಗಳಿಗೆ ಅದೊಂದು ಭಾರವಲ್ಲ. ವಿಂಡೋಸ್ ಗಣಕಕ್ಕೆ ಬೇಕಾದುದನ್ನು ಮಾತ್ರ ವಿಂಡೋಸ್‌ನಲ್ಲಿಯೇ ಕಟ್ಟಬೇಕು.

ಆದರೆ ಆ ಕಡತವೊಂದೇ ಸಾಲದು. ಯಾವುದಾದರೂ ಲೈಬ್ರರಿಯಲ್ಲಿ ಭದ್ರತಾ ದೋಷ ಕಂಡುಬಂದರೆ ಒಳಗಿನ ಹಳೆಯ ಪ್ರತಿ ತಾನಾಗಿ ಬದಲಾಗದು, ಮತ್ತೆ ಕಟ್ಟಿಸಬೇಕು. ಆದುದರಿಂದ ಮೂಲ ಸ್ಕ್ರಿಪ್ಟ್ ಹಾಗೂ ಆವೃತ್ತಿ ಸಂಖ್ಯೆಸಹಿತವಾದ ಲೈಬ್ರರಿ ಪಟ್ಟಿ ಕೈಸೇರಿದ ಮೇಲೆಯೇ ಸದಸ್ಯರು ಕೊನೆಯ ಕಂತನ್ನು ಪಾವತಿಸುವುದು ಲೇಸು.