ಊರಿಲ್ಲದ ಭಾಷೆಗೆ ಟೀವಿಯೊಂದೇ ಸಾಲದು

ಪಾವಗಡ ತಾಲ್ಲೂಕಿನ ರಾಯಚರ್ಲಿನಲ್ಲಿ ಈಗ ಇಂಗ್ಲಿಷ್ ಪದಗಳಿಗೆ ಬರವಿಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ಜಮೀನು ಸೋಲಾರ್ ಪಾರ್ಕಿಗೆ ಹೋಯಿತು. 2018ರ ಮಾರ್ಚಿನಲ್ಲಿ ಉದ್ಘಾಟನೆಯೂ ಆಯಿತು. ಲೀಸು, ಪ್ಯಾನೆಲ್ಲು, ಸೆಕ್ಯೂರಿಟಿ, ಷಿಫ್ಟು, ಮೆಗಾವ್ಯಾಟು ಎಂಬ ಮಾತುಗಳು ಬಸ್‌ಸ್ಟಾಪಿಗೂ ಬಂದು ಕೂತವು. ಶಾಲೆಯ ಕಡೆ ತಲೆ ಹಾಕದ ಅಜ್ಜಿಗೂ ಲೀಸಿನ ಲೆಕ್ಕ ಗೊತ್ತು. ಆದರೆ ಅದೇ ಅಜ್ಜಿಯ ಮೊಮ್ಮಗನಿಗೆ "ತಳ್ಳಬೇಡ, ಈಗ ನನ್ನ ಸರದಿ" ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಳಪ್ಪಾ ಎಂದರೆ ಬಾಯಿ ಕಟ್ಟುತ್ತದೆ. ಇದು ರಾಯಚರ್ಲಿನ ಕೊರತೆಯಲ್ಲ, ನಮ್ಮ ನಾಡಿನ ಬಹುತೇಕ ಹಳ್ಳಿಗಳ ಕಥೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಾವು ಇಂಗ್ಲಿಷಿನಿಂದ ತಂದುಕೊಂಡಿರುವುದರಲ್ಲಿ ಹೆಚ್ಚಿನವು ವಸ್ತುಗಳ ಹೆಸರು. ಬಸ್ಸು, ಸ್ವಿಚ್ಚು, ಟೇಬಲ್ಲು. ಕ್ರಿಯೆ ಬೇಕಾದರೆ ಪಕ್ಕದಲ್ಲಿ ಒಂದು 'ಮಾಡು' ಸೇರಿಸಿದರೆ ಮುಗಿಯಿತು. ಕೊಡು, ತಾಳು, ಇನ್ನೊಮ್ಮೆ, ಬೇಡ, ಯಾಕೆ, ನಂದು ಎಂಬ ಪುಟಾಣಿ ಮಾತುಗಳು ಮಾತ್ರ ಇಂಗ್ಲಿಷಿನಲ್ಲಿ ನಮ್ಮ ನಾಲಿಗೆಗೆ ಬರಲಿಲ್ಲ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಅಲ್ಲಿಯೂ ನಮ್ಮ ಗಮನವೆಲ್ಲ ಆಪಲ್ಲು, ಬಾಲು, ಕ್ಯಾಟುಗಳ ಮೇಲೆಯೇ. ಆಪಲ್ ಎಂಬ ಪದವಷ್ಟೇ ಗೊತ್ತಿದ್ದವನು ಆಪಲ್ ಕೇಳಿ ಪಡೆಯಲಾರ.

ಈ ಪುಟಾಣಿ ಮಾತುಗಳು ದಂಡಿಯಾಗಿ ಸಿಗುವುದು ಮಕ್ಕಳ ಜೊತೆ ದೊಡ್ಡವರು ಆಡುವ ತಮಾಷೆಯ ಮಾತುಕತೆಯಲ್ಲಿ. ಅಮೆರಿಕದ ಆರ್ಟ್ ಲಿಂಕ್‌ಲೆಟರ್ ಎಂಬ ನಿರೂಪಕ 1940ರ ದಶಕದಲ್ಲಿ ರೇಡಿಯೊದಲ್ಲಿ, ಆಮೇಲೆ ಟೀವಿಯಲ್ಲಿ ಮಾಡಿದ್ದು ಇದನ್ನೇ. ಸಣ್ಣ ಮಕ್ಕಳನ್ನು ಸಾಲಾಗಿ ಕೂರಿಸುವುದು, ಸಾದಾ ಪ್ರಶ್ನೆ ಕೇಳುವುದು, ಬಂದ ಉತ್ತರಕ್ಕೆ ಮುಖ ಗಂಭೀರವಾಗಿಯೇ ಇಟ್ಟುಕೊಳ್ಳುವುದು. ನಮ್ಮ ಜೀ ಕನ್ನಡದಲ್ಲಿ 2016ರಲ್ಲಿ 'ಡ್ರಾಮಾ ಜೂನಿಯರ್ಸ್' ಶುರುವಾದಾಗಲೂ ನಾಟಕದಷ್ಟೇ ನಗು ತರಿಸಿದ್ದು ನಾಟಕ ಮುಗಿದ ಮೇಲೆ ತೀರ್ಪುಗಾರರಿಗೆ ಮಕ್ಕಳು ಕೊಡುತ್ತಿದ್ದ ಎದುರುತ್ತರ. ಮಕ್ಕಳ ವಾಕ್ಯ ಗಿಡ್ಡ, ಪದ ದಿನಬಳಕೆಯದು, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಕಲಿಯುವವನಿಗೆ ಇನ್ನೇನು ಬೇಕು? ಮೇಲಾಗಿ ತಮಾಷೆಗೆ ನಗಬೇಕಾದರೆ ಅರ್ಥವಾಗಲೇಬೇಕು. ಮಗು ನಕ್ಕಿತೆಂದರೆ ಅಂಕವಿಲ್ಲದ ಪರೀಕ್ಷೆಯಲ್ಲಿ ಪಾಸಾಯಿತು ಅಂತಲೇ ಲೆಕ್ಕ.

ಹಾಗಾದರೆ ಟೀವಿ ಹಾಕಿ ಬಿಟ್ಟರೆ ಸಾಕೇ? ಪಾವಗಡವನ್ನೇ ನೋಡಿ. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದ ತಾಲ್ಲೂಕು ಇದು. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕನ್ನಡದ ಮನೆಯ ಮಕ್ಕಳಿಗೂ ಯಾವ ಮೇಷ್ಟ್ರೂ ಇಲ್ಲದೆ ತೆಲುಗು ಬರುತ್ತದೆ. ತೆಲುಗು ಚಾನೆಲ್ ನೋಡಿ ಕಲಿತರು ಎಂದು ನಾವು ಹೇಳುತ್ತೇವೆ. ಅದು ಅರ್ಧ ಸತ್ಯ. ಟೀವಿಯಲ್ಲಿ ಕೇಳಿದ ಜೋಕನ್ನು ಮರುದಿನ ಹೇಳಿ ನಗಲು ಅಲ್ಲಿ ಪಕ್ಕದ ಮನೆಯಿದೆ, ಅಂಗಡಿಯಿದೆ, ಸಂತೆಯಿದೆ. ತೆಲುಗಿಗೆ ಅಲ್ಲೊಂದು ಊರಿದೆ. ಇಂಗ್ಲಿಷಿಗೆ ಟೀವಿಯಿದೆ, ಊರಿಲ್ಲ.

ವಿಜ್ಞಾನಿಗಳು ಕಂಡದ್ದೂ ಇದಕ್ಕೆ ಹತ್ತಿರವೇ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರು ಕೂತು ಆಟವಾಡಿಸುತ್ತ ಮಾತಾಡಿಸಿದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ಪರದೆಯ ಮೇಲೆ ನೋಡಿದ ಕೂಸುಗಳು ಕಲಿಯಲಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಪರದೆಯಿಂದ ಒಂದಿಷ್ಟು ಹೆಕ್ಕಿಕೊಳ್ಳುತ್ತಾರೆ ನಿಜ. ಆದರೆ ಹೆಕ್ಕಿದ್ದು ಉಳಿಯಬೇಕಾದರೆ ಅದನ್ನು ಆಡಲು ಎದುರಿಗೊಬ್ಬರು ಬೇಕು.

ಆ ಎದುರಿನವರು ಶಾಲೆಯ ಮೇಷ್ಟ್ರೋ ಮಿಸ್ಸೋ ಆಗಬೇಕು ಎಂಬುದು ನನ್ನ ವಾದ. ಹೇಗೆ? 1969ರಲ್ಲಿ ಶುರುವಾದ 'ಸೆಸಮಿ ಸ್ಟ್ರೀಟ್' ಕಾರ್ಯಕ್ರಮದ ಒಂದು ಪ್ರಸಿದ್ಧ ತುಣುಕು ತೆಗೆದುಕೊಳ್ಳೋಣ. ಕರ್ಮಿಟ್ ಎಂಬ ಕಪ್ಪೆ ಬೊಂಬೆ ಪುಟ್ಟ ಹುಡುಗಿಗೆ ಎಬಿಸಿಡಿ ಹೇಳಿಸುತ್ತಿದೆ. ಅವಳು ಅಕ್ಷರಗಳ ನಡುವೆ ಬೇಕೆಂದೇ ಬಿಸ್ಕತ್ತುಬಾಕ ಕುಕ್ಕಿ ಮಾನ್‌ಸ್ಟರನ ಹೆಸರು ತೂರಿಸಿ ಕಿಲಕಿಲ ನಗುತ್ತಾಳೆ. ಕಪ್ಪೆಗೆ ರೇಗುತ್ತದೆ, ಕಡೆಗೆ ಎದ್ದೇ ಹೋಗುತ್ತದೆ. ನೀನಂದ್ರೆ ನನಗಿಷ್ಟ ಎಂದು ಅವಳು ಹೇಳಿದ ಮೇಲೆಯೇ ಅದು ತಿರುಗಿ ಬರುವುದು.

ಇದನ್ನು ತರಗತಿಯಲ್ಲಿ ಮೊದಲು ಸದ್ದಿಲ್ಲದೆ ತೋರಿಸಿ. ಏನು ನಡೀತಿದೆ ಎಂದು ಮಕ್ಕಳು ಕನ್ನಡದಲ್ಲೋ ತೆಲುಗಿನಲ್ಲೋ ಊಹಿಸಲಿ. ಆಮೇಲೆ ಸದ್ದು ಕೊಡಿ. ಮೂರನೆಯ ಸಲ ಹುಡುಗಿ ಬಾಯಿ ತೆರೆಯುವ ಮುಂಚೆ ನಿಲ್ಲಿಸಿ, ಈಗೇನಂತಾಳೆ ಎಂದು ಕೇಳಿ. ಮರುದಿನ ವಾರದ ಹೆಸರು ಹೇಳಿಸುವಾಗ ಯಾವನೋ ತುಂಟ "ಮಂಡೇ, ಟ್ಯೂಸ್‌ಡೇ, ಮುದ್ದೆ" ಎನ್ನದೆ ಇರುವುದಿಲ್ಲ. ಆಗ ಮಿಸ್ಸು ಸುಳ್ಳುಸಿಟ್ಟಿನಿಂದ "ನೋ, ಸ್ಟಾಪ್, ಸೇ ಇಟ್ ಅಗೇನ್" ಎನ್ನಬೇಕು. ಆ ಸಿಟ್ಟಿನ ಸರದಿ ಮಕ್ಕಳಿಗೂ ಬರಬೇಕು. ಬೇಡ, ನಿಲ್ಲು, ಇನ್ನೊಮ್ಮೆ, ಸಾರಿ, ಬಾ ಎಂಬಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಲು ಒಂದು ಆಟ ಸಾಕು. ಬರೆದುಕೊಳ್ಳುವ ಕೆಲಸ ಆಮೇಲಿನದು.

ತೆರೆಯ ಕೆಳಗೆ ಅದೇ ಭಾಷೆಯ ಅಕ್ಷರ ಓಡಿಸಿದರೆ ಇನ್ನೂ ಒಳ್ಳೆಯದು. ಹಾಡಿನ ಸಾಲು ಕೇಳುತ್ತಿರುವಾಗಲೇ ಓದಿಗೂ ಸಿಗುವಂತೆ ಮಾಡುವ ಯೋಚನೆಯನ್ನು ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ 1996ರಲ್ಲೇ ಮುಂದಿಟ್ಟರು. ದೂರದರ್ಶನದ ಚಿತ್ರಗೀತೆ ಕಾರ್ಯಕ್ರಮಗಳಲ್ಲಿ ಅದು ಬಳಕೆಗೂ ಬಂತು. ಈಗ ಆ ಸೌಲಭ್ಯ ಮೊಬೈಲಿನಲ್ಲೇ ಇದೆ.

"ನಮ್ಮ ಉಚ್ಚಾರಣೆಯೇ ಸರಿಯಿಲ್ಲ ಸಾರ್, ಮಕ್ಕಳನ್ನೇನು ಮಾತಾಡಿಸೋದು" ಎಂದು ಹಿಂಜರಿಯುವ ಶಿಕ್ಷಕರಿದ್ದಾರೆ. ಉಚ್ಚಾರಣೆಯನ್ನು ತುಣುಕು ನೋಡಿಕೊಳ್ಳುತ್ತದೆ. ನೀವು ನೋಡಿಕೊಳ್ಳಬೇಕಾದ್ದು ಮಾತಿನ ಕೊಡು-ಕೊಳ್ಳುವಿಕೆಯನ್ನು. ಇದರಿಂದ ಕನ್ನಡಕ್ಕೆ ಪೆಟ್ಟು ಎಂಬ ಆತಂಕವೂ ಬೇಡ. ಅರ್ಥ ಬಿಡಿಸುವುದು, ಊಹಿಸುವುದು, ಕೀಟಲೆ ಮಾಡುವುದು ಎಲ್ಲ ಹೆಚ್ಚಾಗಿ ಕನ್ನಡದಲ್ಲೇ ನಡೆಯುವ ತರಗತಿ ಇದು. ನಿಜವಾಗಿ ಎಚ್ಚರ ಬೇಕಾದ್ದು ಬೇರೆ ಕಡೆ. ಮಗುವಿನ ಜೊತೆ ನಗುವ ತುಣುಕು ಆರಿಸಿ. ಮಗುವನ್ನು ಆಡಿಕೊಂಡು ನಗುವುದನ್ನು ಪಕ್ಕಕ್ಕಿಡಿ.

ಇಂಥ ತರಗತಿಗೆ ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲ. ವಾರಕ್ಕೆ ಎರಡು ಪೀರಿಯಡ್ಡಿನಲ್ಲಿ ಹತ್ತು ಹತ್ತು ನಿಮಿಷ ಬಿಟ್ಟುಕೊಟ್ಟರೆ ಸಾಕು. ಅಪ್ಪ-ಅಮ್ಮಂದಿರಿಗೂ ಒಂದು ಮಾತು: ಮಗು ಮನೆಗೆ ಬಂದು ತಪ್ಪುತಪ್ಪಾಗಿ ಎರಡು ಇಂಗ್ಲಿಷ್ ಮಾತಾಡಿದರೆ ತಿದ್ದಲು ಹೋಗಬೇಡಿ, ಯಾವ ಭಾಷೆಯಲ್ಲಾದರೂ ಸರಿ, ಉತ್ತರ ಕೊಡಿ.